ವೈರಸ್ ಕಾಣಿಸುತ್ತಿಲ್ಲ, ಆದರೂ ಬೆಳಗ್ಗೆ ಏಳಲು ಮನಸ್ಸಿಲ್ಲ

ಪ್ರಶ್ನೆ (ಹೆಸರು ಬೇಡ):
ನನಗೆ 41 ವರ್ಷ. ಎಚ್‌ಐವಿ ಇದೆ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಮೂರು ವರ್ಷದಿಂದ ರಿಪೋರ್ಟಿನಲ್ಲಿ ವೈರಸ್ ಕಾಣಿಸುತ್ತಿಲ್ಲ. ಡಾಕ್ಟರ್ ಪ್ರತಿ ಸಲ "ಎಲ್ಲ ಚೆನ್ನಾಗಿದೆ" ಅನ್ನುತ್ತಾರೆ. ನಾನೂ ತಲೆಯಾಡಿಸಿ ಬರುತ್ತೇನೆ.

ಆದರೆ ಚೆನ್ನಾಗಿಲ್ಲ. ಆರು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಮೊನ್ನೆ ಮಗಳು ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟಿದ್ದಕ್ಕೆ ಕಿರುಚಿಬಿಟ್ಟೆ. ಅವಳು ಏನೂ ಮಾತಾಡದೆ ಎತ್ತಿಟ್ಟಳು. ಆ ಮುಖ ಕಣ್ಣಿಂದ ಹೋಗುತ್ತಿಲ್ಲ.

ಮಾತ್ರೆ ಡಬ್ಬಿ ಸದ್ದು ಮಾಡಬಾರದು ಅಂತ ಒಳಗೆ ಹತ್ತಿ ತುರುಕಿದ್ದೇನೆ. ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದಿದ್ದೇನೆ. ಹೆಂಡತಿಗೆ ಗೊತ್ತು, ಅವಳ ಟೆಸ್ಟ್ ನೆಗೆಟಿವ್. ಬೇರೆ ಯಾರಿಗೂ ಗೊತ್ತಿಲ್ಲ. ಇದು ಮಾತ್ರೆಯಿಂದ ಆಗುತ್ತಿದೆಯೋ, ಅಥವಾ ನನ್ನ ಮನಸ್ಸೇ ಗಟ್ಟಿ ಇಲ್ಲವೋ? ಗಂಡಸರು ಯಾರಾದರೂ ಇದನ್ನು ದಾಟಿದ್ದೀರಾ?

ಉತ್ತರ (ಹನ್ನೊಂದು ವರ್ಷದಿಂದ ಮಾತ್ರೆ):
ದಾಟಿದ್ದೇನೆ. ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತನ್ನು ಮೊದಲು ಬಿಡಿ. ಖಿನ್ನತೆ ಬೇರೆಯದೇ ಕಾಯಿಲೆ, ಅದಕ್ಕೆ ಬೇರೆಯದೇ ಔಷಧ ಇದೆ. ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ ಹೊರಗೆ ಬರುತ್ತದೆ. ಮನೆಯವರಿಗೆ ಅದು ಬರೀ ಕೋಪ ಅಂತ ಕಾಣುತ್ತದೆ.

ನಾನು ಆಗ ಎಚ್‌ಐವಿಗೆ ಎಫಾವಿರೆಂಜ್ ಇರುವ ಮಾತ್ರೆ ತಿನ್ನುತ್ತಿದ್ದೆ. ಅದರಿಂದ ಕೆಲವರಿಗೆ ಕೆಟ್ಟ ಕನಸು ಬೀಳುತ್ತದೆ, ಮನಸ್ಸು ಕುಸಿಯುತ್ತದೆ. ಡಾಕ್ಟರ್ ಮಾತ್ರೆ ಬದಲಾಯಿಸಿದರು. ಕನಸು ನಿಂತಿತು, ಬೇಸರ ನಿಲ್ಲಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಒಂದು ಚೀಟಿಯಲ್ಲಿ "ರಿಪೋರ್ಟ್ ಚೆನ್ನಾಗಿದೆ, ನಾನು ಚೆನ್ನಾಗಿಲ್ಲ" ಅಂತ ಬರೆದು ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ ಪೆನ್ನು ಕೆಳಗಿಟ್ಟರು.

ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟರು, ಕೌನ್ಸೆಲಿಂಗಿಗೂ ಕಳಿಸಿದರು. ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. ಐದನೇ ವಾರ ಒಂದು ಭಾನುವಾರ, ಎಂಟು ತಿಂಗಳಿಂದ ಮೂಲೆಯಲ್ಲಿದ್ದ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ಕೂತಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಕೂತಿದ್ದೆ.

ಉತ್ತರ (ಆಪ್ತ ಸಲಹೆಗಾರ್ತಿ):
ಸರ್, ನೀವು ಒಬ್ಬರೇ ಅಲ್ಲ. ಎಚ್‌ಐವಿ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಖಿನ್ನತೆ ಎಷ್ಟಿದೆ ಅಂತ ಅಳೆಯಲು ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸುಮ್ನೆ ಬಿಡುವ ಹಾಗಿಲ್ಲ. ಥೈರಾಯ್ಡ್, ಬಿ12, ಟೆಸ್ಟೋಸ್ಟೆರಾನ್ ಕೂಡ ನೋಡಿಸಿ. ಟೆಸ್ಟೋಸ್ಟೆರಾನ್ ಕಡಿಮೆಯಾದರೂ ಇದೇ ಸುಸ್ತು, ಇದೇ ಬೇಸರ ಬರುತ್ತದೆ.

ಈಗ ಎಚ್‌ಐವಿಗೆ ಹೆಚ್ಚಿನವರಿಗೆ ಕೊಡುವ ಡೊಲುಟೆಗ್ರಾವಿರ್ ಮಾತ್ರೆ ಕೂಡ ಕೆಲವರ ನಿದ್ದೆ ಕೆಡಿಸುತ್ತದೆ. ಬೆಳಗ್ಗೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ. ಬೇಸರಕ್ಕೆ ಅಂತ ಮಾರುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಮುಟ್ಟಲೇಬೇಡಿ, ಅದು ಎಚ್‌ಐವಿ ಮಾತ್ರೆಯ ಬಲ ಇಳಿಸುತ್ತದೆ. ಸತ್ತರೆ ಸಾಕು ಅನ್ನುವ ಯೋಚನೆ ಬಂದರೆ ಮುಂದಿನ ತಪಾಸಣೆವರೆಗೂ ಕಾಯಬೇಡಿ. ಅದೇ ದಿನ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಉತ್ತರ (ನಿಮ್ಮಂಥವರೊಬ್ಬರ ಹೆಂಡತಿ):
ನಮ್ಮನೆಯವರು ಒಂದು ವರ್ಷ ಬೇರೆ ಕೋಣೆಯಲ್ಲಿ ಮಲಗಿದರು. ನನಗೆ ಅಂಟಿಬಿಡುತ್ತದೆ ಅನ್ನುವ ಭಯವಂತೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಲೆಕ್ಕ, 200ಕ್ಕಿಂತ ಕೆಳಗೇ ಇದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಭಯ. ನಾನು ಅವರಿಗೆ ಬೇಡವಾದೆ ಅಂದುಕೊಂಡಿದ್ದೆ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಅಣ್ಣ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ನಿಮ್ಮ ಉತ್ತರಗಳನ್ನು ಹೆಂಡತಿಗೆ ಓದಿ ಹೇಳಿದೆ. ನನ್ನ ಮಾತ್ರೆ ಯಾವುದು ಅಂತ ನೋಡೋಣ ಅಂದರೆ ಲೇಬಲ್ ಇಲ್ಲ, ಕೆರೆದು ಹಾಕಿದ್ದೆನಲ್ಲ. ಅವಳೇ ಹೇಳಿದಳು: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಮೂರೂ ಹೆಸರು ಅವಳಿಗೆ ಬಾಯಿಪಾಠ. ನಾಲ್ಕು ವರ್ಷದಿಂದ ಅವಳೂ ಒಬ್ಬಳೇ ಓದಿಕೊಂಡು ಕೂತಿದ್ದಾಳೆ.

ಗುರುವಾರ ಹೋಗುತ್ತಿದ್ದೇವೆ, ಇಬ್ಬರೂ. ಚೀಟಿ ಬರೆದಾಯಿತು. ಹತ್ತಿ ಇನ್ನೂ ಡಬ್ಬಿಯಲ್ಲೇ ಇದೆ.