ಪದಚರ್ಚೆ: ಗಾಂಜಾ ಔಷಧಿಯನ್ನು ಡಾಕ್ಟರು ‘ಬರೆದುಕೊಡುವುದು’, ‘ಶಿಫಾರಸು ಮಾಡುವುದು’ – ಸರಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಗಾಂಜಾ ಗಿಡದಿಂದ ಮಾಡಿದ ಔಷಧಿಗಳ ಬಗ್ಗೆಯೂ ಅದರಲ್ಲಿ ಒಂದು ಪುಟ ಇದೆ. ಮೊಬೈಲಿನಲ್ಲಿ ವಿಡಿಯೋ ನೋಡಿದವರು ‘ಆ ಗಾಂಜಾ ಎಣ್ಣೆ ಕೊಡಿ’ ಅಂತ ಡಾಕ್ಟರನ್ನು ಕೇಳುತ್ತಾರೆ. ಹೆಚ್ಚಿನ ಡಾಕ್ಟರು ಹಿಂದೆ ಸರಿಯುತ್ತಾರೆ. ಯಾಕೆ ಅಂತ ತಿಳಿಸಿ ಹೇಳಲು ಹೋದರೆ ಪದಗಳೇ ಕೈಕೊಡುತ್ತಿವೆ.

ಡಾಕ್ಟರು ಮಾತ್ರೆ ‘ಬರೆದುಕೊಟ್ಟರು’ ಅನ್ನುತ್ತೇವಲ್ವಾ? ಒಳ್ಳೆಯ ಮಾತು. ಅದನ್ನು ಬಿಟ್ಟು ‘ಔಷಧ ಸೂಚಿಸಿದರು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಗಾಂಜಾ ವಿಷಯದಲ್ಲಿ ಬರೆದುಕೊಡುವುದೇ ಬೇರೆ, ಆಗಬಹುದು ಅನ್ನುವುದೇ ಬೇರೆ. ಕ್ಯಾಲಿಫೋರ್ನಿಯಾ 1996ರಲ್ಲಿ ರೋಗಿಗಳಿಗೆ ಗಾಂಜಾ ಬಳಸಲು ಅವಕಾಶ ಕೊಟ್ಟಿತು. ಅಮೆರಿಕದ ಕೇಂದ್ರ ಕಾನೂನು ಮಾತ್ರ ಒಪ್ಪಲಿಲ್ಲ. ಹಾಗಾಗಿ ಡಾಕ್ಟರು ಔಷಧಿ ಅಂಗಡಿಗೆ ಚೀಟಿ ಬರೆಯುವಂತಿರಲಿಲ್ಲ. ‘ಈ ರೋಗಿಗೆ ಇದರಿಂದ ಅನುಕೂಲ ಆದೀತು’ ಎನ್ನಬಹುದಿತ್ತು, ಅಷ್ಟೇ. ಬಾಯಲ್ಲಿ ಹೇಳಿದರೂ ಸಾಕಿತ್ತು. ಹಾಗೆ ಹೇಳಿದ್ದಕ್ಕೆ ಡಾಕ್ಟರ ಔಷಧಿ ಬರೆಯುವ ಲೈಸೆನ್ಸ್ ಕಿತ್ತುಕೊಳ್ಳುವಂತಿಲ್ಲ ಎಂದು 2002ರಲ್ಲಿ ಅಲ್ಲಿನ ಕೋರ್ಟ್ ತೀರ್ಪು ಕೊಟ್ಟಿತು. ಬ್ರಿಟನ್ನಿನಲ್ಲಿ 2018ರ ನವೆಂಬರಿನಿಂದ ಬರೆದೇ ಕೊಡಬಹುದು, ಆದರೆ ತಜ್ಞರು ಶುರುಮಾಡಬೇಕು.

ಈ ‘ಆಗಬಹುದು ಅನ್ನುವುದಕ್ಕೆ’ ಕನ್ನಡದಲ್ಲಿ ಏನನ್ನೋಣ? ‘ಶಿಫಾರಸು’ ಎಂದರೆ ನಮ್ಮ ಜನಕ್ಕೆ ಎಮ್ಮೆಲ್ಲೆ ಪತ್ರ ನೆನಪಾಗುತ್ತದೆ. ‘ಸಲಹೆ’ ಎಂದರೆ ತಗೊಳ್ಳಲೇಬೇಕು ಎಂದ ಹಾಗಾಗುತ್ತದೆ. ಸದ್ಯಕ್ಕೆ ‘ಒಪ್ಪಿಗೆ ಕೊಡು’ ಎಂದು ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಇನ್ನು ಔಷಧಿಯ ಹೆಸರು. ಪತ್ರಿಕೆಗಳು ‘ವೈದ್ಯಕೀಯ ಗಾಂಜಾ’ ಅನ್ನುತ್ತವೆ. ನನಗೆ ಇದು ಒಗ್ಗುತ್ತಿಲ್ಲ. ಇಲ್ಲಿ ಗಾಂಜಾ ಅಂದ ಕೂಡಲೇ ಪೊಲೀಸರು ಹಿಡಿದ ಸುದ್ದಿಯೇ ಕಣ್ಣಮುಂದೆ ಬರುತ್ತದೆ. 1985ರ ಮಾದಕವಸ್ತು ಕಾನೂನಿನಲ್ಲೂ ಗಾಂಜಾ ಎಂದರೆ ಹೂವು ಕಾಯಿ ಬಿಟ್ಟ ತುದಿ. ಬರೀ ಎಲೆ, ಬರೀ ಬೀಜ ಅದರಲ್ಲಿ ಸೇರುವುದಿಲ್ಲ. ಅಮೆರಿಕದಲ್ಲಿ ಮಕ್ಕಳ ಕಠಿಣ ಮೂರ್ಛೆರೋಗಕ್ಕೆ 2018ರಲ್ಲಿ ಒಪ್ಪಿದ ಎಪಿಡಿಯೋಲೆಕ್ಸ್ ಎಂಬ ಔಷಧಿ ಇದೇ ಗಿಡದಿಂದ ಬಂದದ್ದು. ಅದರಲ್ಲಿರುವ ಸಿಬಿಡಿ (ಕ್ಯಾನಬಿಡಿಯಾಲ್) ಎಂಬ ಅಂಶ ನಶೆ ಏರಿಸುವುದಿಲ್ಲ. ಅಂಥದ್ದನ್ನು ಒಬ್ಬ ತಾಯಿಯ ಮುಂದೆ ‘ಗಾಂಜಾ’ ಎಂದರೆ ಆಕೆ ಮಗುವಿಗೆ ಕುಡಿಸುವುದು ಹೇಗೆ? ಆಯುರ್ವೇದದವರು ‘ವಿಜಯಾ’ ಎಂದು ಬರೆಯುತ್ತಾರೆ. ಅದು ಕಾನೂನಿನ ವಿಷದ್ರವ್ಯಗಳ ಪಟ್ಟಿಯಲ್ಲಿ ಇರುವುದರಿಂದ ತಗೊಳ್ಳಲು ವೈದ್ಯರ ನಿಗಾ ಬೇಕು. ನಮ್ಮ ಕಡೆ ಹಿರಿಯರು ‘ಭಂಗಿ ಸೊಪ್ಪು’ ಅನ್ನುತ್ತಿದ್ದರು. ಗಿಡಕ್ಕೆ ‘ಭಂಗಿ’, ಔಷಧಿಗೆ ‘ಭಂಗಿ ಔಷಧಿ’ ಎಂದರೆ ಹೇಗೆ? ಯೋಗದ ಭಂಗಿ ಜೊತೆ ಗೊಂದಲ ಆಗಲಾರದು ಅಂದುಕೊಂಡಿದ್ದೇನೆ.

ಡಾಕ್ಟರ ‘ಧೋರಣೆ’ ಎಂಬ ಮಾತನ್ನಂತೂ ತೆಗೆದುಹಾಕಿದೆ. ಅದರಲ್ಲಿ ದೂರು ಕೇಳಿಸುತ್ತದೆ. ಎಷ್ಟು ಹನಿ ಕೊಡಬೇಕು, ಬೇರೆ ಮಾತ್ರೆಗಳ ಜೊತೆ ಹೊಂದುತ್ತದಾ, ಸೀಸೆಯಲ್ಲಿ ನಿಜಕ್ಕೂ ಏನಿದೆ – ಇದು ಅವರ ಚಿಂತೆ. ಕಾಲೇಜಿನಲ್ಲಿ ಕಲಿತದ್ದೂ ಕಡಿಮೆ. ಕಡು ನೋವಿಗೆ ಕೊಡುವ ಮಾರ್ಫಿನ್ ವಿಷಯದಲ್ಲೂ ಹೀಗೇ ಆಗಿತ್ತು. ಲೈಸೆನ್ಸ್ ಗೋಜಲಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುತ್ತಲೇ ಇರಲಿಲ್ಲ, ನೋವು ಉಂಡವರು ರೋಗಿಗಳು. ಲೈಸೆನ್ಸ್ ಸುಲಭ ಮಾಡಲು ಮಾದಕವಸ್ತು ಕಾನೂನಿಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೂ ಹೆದರಿಕೆ ಪೂರ್ತಿ ಹೋಗಿಲ್ಲ. ಅದಕ್ಕೇ ‘ಅಳುಕು’ ಎಂದು ಬರೆದಿದ್ದೇನೆ. ಡಾಕ್ಟರನ್ನು ಸಣ್ಣ ಮಾಡಿದಂತೆ ಕೇಳಿಸುತ್ತದಾ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ನಿಮ್ಮ ಮನೆಯ ಹಿರಿಯರು ಈ ಗಿಡಕ್ಕೆ ಏನನ್ನುತ್ತಿದ್ದರು ಎಂದು ದಯವಿಟ್ಟು ತಿಳಿಸಿ. ಡಾಕ್ಟರು, ನರ್ಸುಗಳು ಯಾರಾದರೂ ಇದ್ದರೆ, ರೋಗಿಯ ಮನೆಯವರು ಕೇಳಿದಾಗ ನೀವು ಕನ್ನಡದಲ್ಲಿ ಯಾವ ಮಾತು ಬಳಸುತ್ತೀರಿ ಎಂಬುದನ್ನೂ ಬರೆಯಿರಿ.