ಕಪ್ಪಗಿದ್ದರೆ ಒಳ್ಳೆ ಬೆಲ್ಲ ಅಂತಾನಾ?

ಪ್ರಶ್ನೆ:
ಅಂಗಡಿಯಲ್ಲಿ ಎರಡು ಥರ ಬೆಲ್ಲ ಇತ್ತು. ಒಂದು ಹಳದಿ ಅಚ್ಚು ಬೆಲ್ಲ, ಇನ್ನೊಂದು ಕಪ್ಪಗಿರೋದು, ಕೆಜಿಗೆ 40 ರೂಪಾಯಿ ಜಾಸ್ತಿ. ‘ಇದರಲ್ಲಿ ಕೆಮಿಕಲ್ ಇಲ್ಲ’ ಅಂತ ಅಂಗಡಿಯವರು ಅಂದರು, ಕಪ್ಪಗಿರೋದನ್ನೇ ತಗೊಂಡು ಬಂದೆ. ಕುದಿಯುತ್ತಿದ್ದ ಶಾವಿಗೆ ಪಾಯಸಕ್ಕೆ ಹಾಕಿದರೆ ಹಾಲು ಒಡೆದುಹೋಯಿತು! ಇದರಲ್ಲೂ ಕೆಮಿಕಲ್ ಇದೆಯಾ?

ಮಂಡ್ಯದವನು:
ನಮ್ಮ ಚಿಕ್ಕಪ್ಪನ ಆಲೆಮನೆ ಇತ್ತು, ರಜೆ ಬಂದರೆ ನಾನು ಅಲ್ಲೇ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟು, ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಉರಿ ಹಾಕುತ್ತಿದ್ದರು. ಕಾಯುವಾಗ ಸ್ವಲ್ಪ ಸುಣ್ಣ, ಕೆಲವರು ಬೆಂಡೆ ಗಿಡ ಜಜ್ಜಿದ ಲೋಳೆನೂ ಹಾಕುತ್ತಾರೆ, ಆಗ ಕೊಳೆ ನೊರೆಯಾಗಿ ಮೇಲೆ ಬರುತ್ತೆ, ಅದನ್ನು ಎತ್ತಿ ಎತ್ತಿ ಚೆಲ್ಲಬೇಕು. ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿದರೆ ಹದ ಬಂತು ಅಂತ. 100 ಕೆಜಿ ಕಬ್ಬಿಗೆ ಹೆಚ್ಚುಕಡಿಮೆ 10 ಕೆಜಿ ಬೆಲ್ಲ. ಇಷ್ಟೇ ಮಾಡಿದರೆ ಬಣ್ಣ ಕಂದು. ಹಳದಿ ಬರಲಿ ಅಂತ ಹಾಕೋದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಯಾಕೆ ಹಾಕ್ತೀರಿ ಅಂತ ಕೇಳಿದ್ದಕ್ಕೆ ಚಿಕ್ಕಪ್ಪ, ‘ಹಾಕದಿದ್ರೆ ಮಂಡಿಯಲ್ಲಿ ನಮ್ಮ ಬೆಲ್ಲ ಮೂಸಿನೂ ನೋಡಲ್ಲ ಕಣೋ’ ಅಂದಿದ್ದರು. ಸುಮ್ನೆ ರೈತರನ್ನೇ ಬೈತಾರೆ, ಹಳದಿ ಬೇಕು ಅಂದವರು ನಾವೇ ಅಲ್ವಾ?

ಇನ್ನೊಬ್ಬರು:
ಒಪ್ಪಿದೆ, ಆದರೆ ಕಪ್ಪು ಬಣ್ಣವನ್ನೂ ನಂಬಬೇಡಿ. ಕಡಿದ ಕಬ್ಬನ್ನು ನಾಲ್ಕು ದಿನ ಬಿಟ್ಟು ಅರೆದರೂ ಕಪ್ಪಾಗುತ್ತೆ, ಪಾಕ ಸೀದರೂ ಅಷ್ಟೇ. ಹೈಡ್ರೋಸ್ ಹಾಕಿದ ಹಳದಿ ಬೆಲ್ಲನೂ ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟರೆ ನಿಧಾನಕ್ಕೆ ಕಪ್ಪಾಗುತ್ತೆ. ಹೈಡ್ರೋಸ್ ಹಾಕಿದರೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಯುತ್ತೆ; ಕಾನೂನಿನ ಪ್ರಕಾರ ಅದು 70 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 70 ಭಾಗ) ದಾಟಬಾರದು, ಅದನ್ನು ಲ್ಯಾಬ್‌ನಲ್ಲೇ ನೋಡಬೇಕು, ಕಣ್ಣಲ್ಲಿ ಆಗಲ್ಲ.

ಅಡುಗೆಮನೆ ಅಕ್ಕ:
ಹಾಲು ಒಡೆದಿದ್ದಕ್ಕೆ ಕೆಮಿಕಲ್ ಕಾರಣ ಅಲ್ಲಮ್ಮ. ಬೆಲ್ಲದಲ್ಲೇ ಸ್ವಲ್ಪ ಹುಳಿ ಇರುತ್ತೆ, ಕುದಿಯೋ ಹಾಲಿಗೆ ಬಿದ್ದರೆ ಒಡೆಯುತ್ತೆ. ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಸಿಕೊಳ್ಳಿ, ಒಲೆ ಆರಿಸಿ, ಪಾಯಸ ಉಗುರುಬೆಚ್ಚಗಾದ ಮೇಲೆ ಬೆರೆಸಿ.

ಪ್ರಶ್ನೆ ಕೇಳಿದವಳು:
ಅಕ್ಕ, ಇವತ್ತು ಹಾಗೇ ಮಾಡಿದೆ, ಒಡೆಯಲಿಲ್ಲ. ಸೋಸಿದಾಗ ಜರಡಿಯಲ್ಲಿ ಮರಳು, ಒಂದೆರಡು ಎಳೆ ಕಬ್ಬಿನ ನಾರು ಸಿಕ್ಕಿತು. ಯಾವ ಆಲೆಮನೆಯದ್ದು ಅಂತ ಅಂಗಡಿಯವರನ್ನು ಕೇಳಿದೆ. ‘ಲಾರಿಯಲ್ಲಿ ಬರುತ್ತೆ ಮೇಡಂ’ ಅಂದರು.