ತಿನ್ನುತ್ತಿರುವಾಗಲೇ ಪ್ಲೇಟ್ ಎತ್ತುತ್ತಾರೆ, ಎಂಜಲು ಫೋರ್ಕ್ ವಾಪಸ್ ಇಡುತ್ತಾರೆ: ಈ ನಿಯಮಗಳಿಗೆ ಅರ್ಥ ಇದೆಯೇ?

ಮೂಲೆಮೇಜು:
ಹೊರಗೆ ಊಟಕ್ಕೆ ಹೋದರೆ ತಲೆ ಕೆಡಿಸುವ ನಿಯಮಗಳು ಒಂದೆರಡಲ್ಲ. ನಾಲ್ವರಲ್ಲಿ ಮೂವರು ಬಂದು ನಿಂತಿದ್ದರೂ ನಾಲ್ಕನೆಯವರು ಬರುವ ತನಕ ಕೂರಿಸುವುದಿಲ್ಲ. ಕೂತರೆ 90 ನಿಮಿಷದಲ್ಲಿ ಏಳಬೇಕು. ಬಿಲ್ ಬೇರೆ ಬೇರೆ ಮಾಡಿಕೊಡುವುದಿಲ್ಲ. ಹೋಗಲಿ ಅಂದರೆ, ಫೋರ್ಕ್ ಕೆಳಗಿಟ್ಟು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಅರ್ಧ ತಿಂದ ಪ್ಲೇಟ್ ಮಾಯ! ಇನ್ನು ಕೆಲವು ಕಡೆ ಮೊದಲ ಸುತ್ತಿನ ಪ್ಲೇಟ್ ಎತ್ತುವಾಗ ಎಂಜಲು ಫೋರ್ಕನ್ನು ಮಾತ್ರ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ.

ಇವುಗಳಲ್ಲಿ ಯಾವುದಕ್ಕೆ ನಿಜವಾದ ಕಾರಣ ಇದೆ, ಯಾವುದು ಬರೀ ಹಟ? ತಪ್ಪಿಸಿಕೊಳ್ಳುವ ದಾರಿ ಏನು? ಎಡಗೈಯವರು ಫೋರ್ಕ್, ಚಾಕು ಅದಲು ಬದಲು ಮಾಡಿಕೊಳ್ಳಬಹುದೇ ಎಂಬುದನ್ನೂ ಬಲ್ಲವರು ಹೇಳಿ.

ಟ್ರೇ_ಹಿಡಿದವ:
ಪ್ಲೇಟ್ ಮಾಯವಾಗುವುದಕ್ಕೆ ಹೆಚ್ಚಿನ ಸಲ ಕಾರಣ ನೀವು ಫೋರ್ಕ್, ಚಾಕು ಇಟ್ಟ ರೀತಿ. ಪ್ಲೇಟನ್ನು ಗಡಿಯಾರ ಅಂದುಕೊಳ್ಳಿ.

ಇನ್ನೂ ತಿನ್ನುತ್ತಿದ್ದೀರಿ ಅಂದರೆ: ಫೋರ್ಕ್‌ನ ಹಿಡಿ 8ರ ಕಡೆ, ಚಾಕುವಿನ ಹಿಡಿ 4ರ ಕಡೆ, ತುದಿಗಳು ಪ್ಲೇಟಿನ ನಡುವೆ ಸೇರಬೇಕು, ಮನೆಯ ಮಾಡಿನ ಹಾಗೆ. ಫೋರ್ಕ್‌ನ ಹಲ್ಲು ಕೆಳಮುಖ. ಇದು ಯುರೋಪಿನ ಪದ್ಧತಿ. ಅಮೆರಿಕದವರು ಕತ್ತರಿಸಿದ ಮೇಲೆ ಚಾಕುವನ್ನು ಪ್ಲೇಟಿನ ಮೇಲಂಚಿನಲ್ಲಿ ಓರೆಯಾಗಿಟ್ಟು, ಫೋರ್ಕನ್ನು ಬಲಗೈಗೆ ವರ್ಗಾಯಿಸಿಕೊಂಡು ತಿನ್ನುತ್ತಾರೆ. ಆ ಪದ್ಧತಿಯಲ್ಲಿ ಚಾಕು ಮೇಲಂಚಿನಲ್ಲೇ ಉಳಿದು ಫೋರ್ಕ್ ಬೇರೆಯಾಗಿ ಕೆಳಗಿದ್ದರೆ ಬಿಡುವು ಎಂದು ಅರ್ಥ.

ಮುಗಿಯಿತು ಅಂದರೆ: ಎರಡನ್ನೂ ಜೋಡಿಸಿ ಒಂದರ ಪಕ್ಕ ಒಂದು, ಚಾಕುವಿನ ಅಲಗು ಒಳಮುಖ. ಬ್ರಿಟನ್‌ನಲ್ಲಿ ಹಿಡಿಗಳು ನೇರ ನಿಮ್ಮ ಕಡೆಗೆ, ಅಂದರೆ 6ಕ್ಕೆ. ಅಮೆರಿಕದಲ್ಲಿ 4ಕ್ಕೆ. ಕೋನ ಯಾವುದೇ ಇರಲಿ, ವೇಟರ್ ನೋಡುವುದು ಎರಡೂ ಜೋಡಿಯಾಗಿವೆಯೇ ಎಂದಷ್ಟೇ. ನೀರು ಕುಡಿಯುವಾಗ ಅಭ್ಯಾಸಬಲದಿಂದ ಎರಡನ್ನೂ ನೀಟಾಗಿ ಜೋಡಿಸಿಟ್ಟರೆ "ತೆಗೆದುಕೊಂಡು ಹೋಗಿ" ಅಂತ ನೀವೇ ಬರೆದುಕೊಟ್ಟ ಹಾಗೆ.

ಇನ್ನೊಂದು ತಪ್ಪು, ದೋಣಿಯ ಹುಟ್ಟಿನಂತೆ ಹಿಡಿಯನ್ನು ಮೇಜಿನ ಮೇಲೂ ತುದಿಯನ್ನು ಪ್ಲೇಟಿನ ಅಂಚಿನ ಮೇಲೂ ಆನಿಸುವುದು. ಇದು ಎರಡೂ ಪದ್ಧತಿಗೆ ಸೇರದು. ಹಿಡಿಗೆ ಮೆತ್ತಿದ್ದು ಬಟ್ಟೆಗೆ ಹತ್ತುತ್ತದೆ, ಪ್ಲೇಟ್ ಕದಲಿದರೆ ಫೋರ್ಕ್ ಜಾರಿ ಬೀಳುತ್ತದೆ.

ಎದ್ದು ಹೋಗಿ ಮತ್ತೆ ಬರುವುದಾದರೆ ನ್ಯಾಪ್ಕಿನ್ ಕುರ್ಚಿಯ ಮೇಲಿರಲಿ. ಪ್ಲೇಟಿನ ಎಡಕ್ಕೆ ಮೇಜಿನ ಮೇಲಿಟ್ಟರೆ ಊಟ ಮುಗಿಸಿ ಹೊರಟಿರಿ ಎಂದರ್ಥ.

ಇಷ್ಟು ಸರಿಯಾಗಿಟ್ಟರೂ ಎತ್ತಲು ಬಂದರೆ ಅದು ಅವರ ತಪ್ಪು. ಎಲ್ಲರದ್ದೂ ಮುಗಿಯುವ ಮೊದಲೇ ಒಬ್ಬೊಬ್ಬರ ಪ್ಲೇಟ್ ಎತ್ತುತ್ತಿದ್ದರೆ ಶುರುವಿನಲ್ಲೇ "ಎಲ್ಲರದ್ದೂ ಮುಗಿದ ಮೇಲೆ ಒಟ್ಟಿಗೆ ತೆಗೆಯಿರಿ" ಎಂದುಬಿಡಿ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂಲೆಮೇಜು:
ಸರಿ ಸ್ವಾಮಿ, ಜೋಡಿಸಿಡುವ ತಪ್ಪು ನಮ್ಮದೇ. ಆದರೆ ಎಂಜಲು ಫೋರ್ಕ್? ಜೊತೆಗೆ ಚಾಕುಗಳು ಯಾಕೆ ಯಾವಾಗಲೂ ಮೊಂಡು?

ಉಕ್ಕು_ತುಕ್ಕು:
ಎಂಜಲು ಫೋರ್ಕ್ ವಾಪಸ್ ಇಡುವುದಕ್ಕೆ ಪದ್ಧತಿಯ ಸಮರ್ಥನೆ ಏನೂ ಇಲ್ಲ, ಬರೀ ತೊಳೆಯುವ ಕೆಲಸದ ಉಳಿತಾಯ. ಕ್ರಮವಾಗಿ ಬಡಿಸುವ ಕಡೆ ಒಂದೊಂದು ಸುತ್ತಿಗೆ ಒಂದೊಂದು ಜೊತೆ ಇಟ್ಟಿರುತ್ತಾರೆ. ನೀವು ಪ್ಲೇಟಿನಿಂದ ದೂರದ ಜೊತೆಯಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುತ್ತೀರಿ, ಬಳಸಿದ್ದು ಪ್ಲೇಟಿನ ಜೊತೆಗೇ ಹೋಗುತ್ತದೆ. ಒಂದೇ ಜೊತೆ ಇದ್ದರೆ, ಪ್ಲೇಟ್ ಎತ್ತುವ ಮೊದಲೇ ಫೋರ್ಕನ್ನು ಅದರ ಮೇಲೆ ಜೋಡಿಸಿಟ್ಟು "ಬೇರೆ ತನ್ನಿ" ಎನ್ನಿ. ಅವರು ಮೇಜಿಗೆ ಇಳಿಸಿದ ಮೇಲೆ ಕೇಳಿದರೆ ಅದೇ ದೊಡ್ಡ ಮಾತಾಗುತ್ತದೆ. ತರಲಿಲ್ಲವೇ, ನಿಮ್ಮ ಎಡಗಡೆ ಇರುವ ಬ್ರೆಡ್ ಪ್ಲೇಟಿನ ಮೇಲೆ ಇಟ್ಟುಕೊಳ್ಳಿ, ಬರಿಯ ಮೇಜಿನ ಮೇಲೆ ಬೇಡ.

ಈಗ ಚಾಕು. ಒಳ್ಳೆಯ ಚಮಚ, ಫೋರ್ಕ್‌ಗಳು 18/10 ಸ್ಟೀಲ್: ನೂರರಲ್ಲಿ 18 ಪಾಲು ಕ್ರೋಮಿಯಂ, 10 ಪಾಲು ನಿಕಲ್. ತುಕ್ಕು ಸುಲಭಕ್ಕೆ ಹಿಡಿಯದು, ಆದರೆ ಕಾಯಿಸಿ ಗಟ್ಟಿ ಮಾಡಲಾಗದು, ಹಾಗಾಗಿ ಅಲಗಿಗೆ ನಾಲಾಯಕ್ಕು. ಚಾಕುವಿಗೆ ಸುಮಾರು 13 ಪಾಲು ಕ್ರೋಮಿಯಂ ಇರುವ, ಹದ ಹಾಕಬಹುದಾದ ಸ್ಟೀಲ್ ಬಳಸುತ್ತಾರೆ. ಅದು ಹರಿತ ಹಿಡಿಯುತ್ತದೆ, ಆದರೆ ಡಿಶ್‌ವಾಷರ್‌ನಲ್ಲಿ ಬಹಳ ಹೊತ್ತು ಒದ್ದೆಯಾಗಿ ಬಿದ್ದಿದ್ದರೆ ಕಂದು ಚುಕ್ಕೆ ಬರುತ್ತದೆ. ಒಂದೇ ಸೆಟ್‌ನಲ್ಲಿ ಚಾಕುವಿಗೆ ಮಾತ್ರ ಚುಕ್ಕೆ ಇರುವುದು ಇದಕ್ಕೇ.

ಮೊಂಡಾಗುವುದಕ್ಕೆ ಕಾರಣ ಪ್ಲೇಟು. ಪಿಂಗಾಣಿಯ ಮೇಲಿನ ಹೊಳಪು ಪದರ ಸ್ಟೀಲಿಗಿಂತ ಗಟ್ಟಿ, ಪ್ರತಿ ಸಲ ಉಜ್ಜಿದಾಗಲೂ ಅಲಗು ಸವೆಯುತ್ತದೆ. ಬಿಳಿ ಪ್ಲೇಟಿನ ಮೇಲೆ ಕಾಣುವ ಬೂದು ಗೆರೆಗಳು ಬಹುಪಾಲು ಬಿರುಕೂ ಅಲ್ಲ, ಕೊಳೆಯೂ ಅಲ್ಲ, ಹಾಗೆ ಸವೆದ ಲೋಹವೇ. ಗರಗಸದ ಹಲ್ಲಿನ ಚಾಕುವಿನಲ್ಲಿ ಹಲ್ಲಿನ ತುದಿ ಮಾತ್ರ ಪ್ಲೇಟಿಗೆ ತಾಗುತ್ತದೆ, ನಡುವಿನ ತಗ್ಗು ಹರಿತವಾಗಿ ಉಳಿಯುತ್ತದೆ. ಹಾಗಾಗಿ ಮಾಂಸಕ್ಕೆ ಅದನ್ನೇ ಕೇಳಿ ತರಿಸಿಕೊಳ್ಳಿ. ಒತ್ತಬೇಡಿ. ಫೋರ್ಕನ್ನು ಕತ್ತರಿಸುವ ಜಾಗದ ಹತ್ತಿರವೇ ಊರಿ, ಮಾಂಸದ ಎಳೆಗೆ ಅಡ್ಡಲಾಗಿ ಚಾಕುವನ್ನು ಉದ್ದಕ್ಕೆ ಎಳೆಯಿರಿ.

ಮೀನಿನ ಚಾಕುವಿನ ಬಗ್ಗೆ ಒಂದು ಮಾತು, ಯಾರೂ ಕೇಳದಿದ್ದರೂ. ಹಿಂದಿನ ಉಕ್ಕಿನ ಅಲಗಿಗೆ ನಿಂಬೆರಸ ತಗುಲಿದರೆ ಮೀನಿಗೆ ಲೋಹದ ರುಚಿ ಬರುತ್ತಿತ್ತು, ಅದಕ್ಕೇ ಬೆಳ್ಳಿಯ ಅಲಗಿನ ಬೇರೆ ಚಾಕು. 1913ರಲ್ಲಿ ಷೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ ಮೇಲೆ ಆ ಕಾರಣ ಹೋಯಿತು, ಚಾಕು ಮಾತ್ರ ಉಳಿಯಿತು. ಚಪ್ಪಟೆ ಅಲಗು ಮುಳ್ಳಿನಿಂದ ಮೀನನ್ನು ಬಿಡಿಸಿ ಎತ್ತಲು ಈಗಲೂ ಅನುಕೂಲ. ಅದರಿಂದ ಕತ್ತರಿಸಲು ಹೋಗಬೇಡಿ.

ಒಲೆ_ಮುಂದೆ:
ಕಿಚನ್ ಕಡೆಯಿಂದ ಹೇಳುತ್ತೇನೆ. ಒಂದು ಟೇಬಲ್ಲಿನ ಆರ್ಡರ್ ಒಂದೇ ಚೀಟಿಯಲ್ಲಿ ಬರುತ್ತದೆ. ಒಂದು ಐಟಂಗೆ 18 ನಿಮಿಷ, ಇನ್ನೊಂದಕ್ಕೆ 6 ನಿಮಿಷ ಬೇಕಿದ್ದರೆ ಎರಡನೆಯದನ್ನು 12 ನಿಮಿಷ ತಡವಾಗಿ ಒಲೆಗೆ ಹಾಕುತ್ತೇವೆ, ಎರಡೂ ಬಿಸಿಯಾಗಿ ಒಟ್ಟಿಗೆ ಹೋಗಲಿ ಅಂತ. ಮೂವರು ಆರ್ಡರ್ ಕೊಟ್ಟ ಮೇಲೆ ನಾಲ್ಕನೆಯವರು ಬಂದು 18 ನಿಮಿಷದ್ದನ್ನು ಕೇಳಿದರೆ, ಒಂದೋ ಮೂವರ ಊಟ ಆರುತ್ತದೆ, ಇಲ್ಲವೇ ಒಬ್ಬರು ಕೊನೆಗೆ ಒಂಟಿಯಾಗಿ ತಿನ್ನಬೇಕು. ಆ ಟೇಬಲ್ ಖಾಲಿಯಾಗುವುದೂ ತಡ. ಎಲ್ಲರೂ ಬಂದ ಮೇಲೆ ಕೂರಿಸುವ ನಿಯಮದ ಮೂಲ ಇದು. ಅರ್ಧ ಹಾಲ್ ಖಾಲಿ ಇರುವಾಗಲೂ ಬಾಗಿಲಲ್ಲಿ ನಿಲ್ಲಿಸಿದರೆ ಮಾತ್ರ ಶುದ್ಧ ಹಟ. ತಡವಾಗಿ ಬರುವವರ ಆರ್ಡರ್ ಫೋನಿನಲ್ಲಿ ಕೇಳಿಟ್ಟುಕೊಂಡು "ನಾಲ್ವರದ್ದೂ ಈಗಲೇ ಕೊಡುತ್ತೇವೆ" ಎಂದು ಹೇಳಿ ನೋಡಿ. ಆಗ ಅವರ ತಕರಾರಿಗೆ ಆಧಾರವೇ ಉಳಿಯುವುದಿಲ್ಲ.

90 ನಿಮಿಷದ ಲೆಕ್ಕದಲ್ಲಿ ಮುಖ್ಯವಾಗಿ ಕೇಳಬೇಕಾದ್ದು, ಗಡಿಯಾರ ಶುರುವಾಗುವುದು ಬುಕಿಂಗ್ ಸಮಯಕ್ಕೋ ಕೂತ ಸಮಯಕ್ಕೋ. 8ಕ್ಕೆ ಬುಕ್ ಮಾಡಿ 8.20ಕ್ಕೆ ಕೂತರೆ ನಿಮಗೆ ಉಳಿದದ್ದು 70 ನಿಮಿಷ ಇರಬಹುದು. ಆದರೆ ಹಿಂದಿನವರು ಏಳದೆ ನಿಮ್ಮನ್ನು ಕಾಯಿಸಿದ್ದರೆ, ಇಲ್ಲವೇ ಊಟ ಬರಲು 40 ನಿಮಿಷ ಹಿಡಿದಿದ್ದರೆ, ಆ ಹೊತ್ತು ಅವರ ಲೆಕ್ಕಕ್ಕೆ. ಆರ್ಡರ್ ಕೊಟ್ಟ ಗಂಟೆ ಬಿಲ್ಲಿನಲ್ಲಿ ಇರುತ್ತದೆಯೇ ನೋಡಿ, ಇದ್ದರೆ ವಾದ ಸಲೀಸು. ಕೊನೆಗೆ ಸಿಹಿ ತಿನ್ನುವ ಯೋಚನೆ ಇದ್ದರೆ ಮುಖ್ಯ ಊಟದ ಜೊತೆಗೇ ಹೇಳಿಬಿಡಿ.

ಬಿಲ್ ವಿಷಯ: ಅನೇಕ ಕಡೆ ವೇಟರ್‌ಗಳು ಪ್ರತಿ ಕುರ್ಚಿಗೂ ನಂಬರ್ ಕೊಟ್ಟು ಆರ್ಡರ್ ಬರೆಯುತ್ತಾರೆ. ಆರ್ಡರಿಗೆ ಮೊದಲೇ "ಬಿಲ್ ಬೇರೆ ಬೇರೆ" ಎಂದರೆ ಆ ನಂಬರ್ ಪ್ರಕಾರ ಬಿಡಿಸುವುದು ಸುಲಭ. ಆಮೇಲೆ ಕುರ್ಚಿ ಬದಲಿಸಿದಿರೋ, ನಿಮ್ಮ ಪ್ಲೇಟ್ ಪಕ್ಕದವರಿಗೆ, ಅವರ ಬಿಲ್ ನಿಮಗೆ. ಕೊನೆಗೆ ಬಂದು "ಇದು ನನ್ನದು, ಅದು ಅರ್ಧ ಅವರದು" ಎಂದರೆ ಪ್ರತಿ ಸಾಲನ್ನೂ ಕೈಯಲ್ಲಿ ಬಿಡಿಸಬೇಕು, ಅದಕ್ಕೇ ಒಲ್ಲೆ ಎನ್ನುವುದು. ಸಮಪಾಲು ಮಾಡಿ ನಾಲ್ಕು ಕಾರ್ಡಿನಲ್ಲಿ ತೆಗೆದುಕೊಳ್ಳಿ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಎಡಚ_47:
ಎಡಗೈಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ! ಕೂತ ಮೇಲೆ ಧಾರಾಳವಾಗಿ ಅದಲು ಬದಲು ಮಾಡಿಕೊಳ್ಳಿ, ಅದರಲ್ಲಿ ಅಶಿಸ್ತು ಏನೂ ಇಲ್ಲ. ಲೋಟ ಬಲಗಡೆ, ಬ್ರೆಡ್ ಎಡಗಡೆ ಇರುವುದನ್ನು ಮಾತ್ರ ಹಾಗೆಯೇ ಬಿಡಿ. ಅದನ್ನೂ ಬದಲಿಸಿದರೆ ಪಕ್ಕದವರ ಲೋಟಕ್ಕೆ ಕೈ ಹಾಕುತ್ತೀರಿ.

ಗರಗಸದ ಚಾಕು ಎಷ್ಟೋ ಸಲ ಒಂದೇ ಮಗ್ಗುಲಿಗೆ, ಬಲಗೈಗೆಂದೇ ಮಸೆದಿರುತ್ತದೆ. ಎಡಗೈಯಲ್ಲಿ ಅದು ಓರೆಗೆ ಜಾರುತ್ತದೆ. ಸಾದಾ ಅಲಗಿನ ಹರಿತ ಚಾಕು ಇದ್ದರೆ ಅದನ್ನು ಕೇಳಿ.

ತಿಂದು ಮುಗಿದ ಮೇಲೆ ಎಡಗೈಯವರೂ ಹಿಡಿಗಳನ್ನು ಎಡಕ್ಕೆ ತಿರುಗಿಸದೆ 4ರ ಕಡೆಗೇ ಇಡುವುದು ಒಳ್ಳೆಯದು. ಪ್ಲೇಟ್ ತೆಗೆಯುವವರು ಸಾಮಾನ್ಯವಾಗಿ ಬಲಗಡೆಯಿಂದ ಬರುತ್ತಾರೆ, ಎತ್ತುವಾಗ ಹೆಬ್ಬೆರಳಿನಿಂದ ಆ ಹಿಡಿಗಳನ್ನು ಅದುಮಿ ಹಿಡಿಯುತ್ತಾರೆ. ಆಚೆ ಕಡೆ ಇದ್ದರೆ ಚಾಕು ಜಾರಿ ನಿಮ್ಮ ಮಡಿಲಿಗೇ.